ಮೂರು ಸಲ ‘ಅತ್ತಿಗೆ’

ನಿಲುಶಕೆ ೪೬, ವೈಶಾಖದ ಮೂವತ್ತೊಂಬತ್ತನೆಯ ದಿನ
ಮದ್ದೂರು, ಹದಿನೇಳನೆಯ ಅಂತಸ್ತು

ನನಗಿಂತ ನೂರಿಪ್ಪತ್ತು ವರ್ಷ ಹಿರಿಯರಾದ ತಾಯಿಯವರಿಗೆ ತಾರಿಣಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಮನೆಯ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಬೇಸಗೆ ಮುಗಿಯದೆ ತಿಂಗಳು ಮುಗಿಯಬಾರದೆಂದು ನಮ್ಮ ಪಂಚಾಂಗದವರು ತೀರ್ಮಾನಿಸಿ ಎರಡು ತಲೆಮಾರಾಯಿತು. ಹಾಗಾಗಿ ವೈಶಾಖಕ್ಕೆ ನಲವತ್ತು ದಿನ. ನಿಲುಶಕೆ ಎಂದರೇನೆಂದು ಮುಂದೆ ಹೇಳುತ್ತೇನೆ. ಹೇಳದೆ ಈ ಕಾಗದ ಮುಗಿಯುವುದೂ ಇಲ್ಲ. ನನ್ನ ಮಾತಿನಲ್ಲಿ ನಿಮಗೆ ವಿಚಿತ್ರವೆನಿಸುವ ಪದಗಳು ಬಂದರೆ ಕ್ಷಮಿಸಿ. ಅವೆಲ್ಲ ನಿಮ್ಮ ಮನೆಯ ಪದಗಳೇ, ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಬೇರೆ ಕೆಲಸಕ್ಕೆ ಸೇರಿಕೊಂಡಿವೆ. ವಾಕ್ಯ ತಪ್ಪಿದರೆ ಅದನ್ನೂ ಕ್ಷಮಿಸಿ. ನನಗೆ ಏಳು ತಿಂಗಳ ಮಗಳಿದ್ದಾಳೆ, ಹೆಸರು ಹೊನಲು. ಅವಳು ಚೆನ್ನಾಗಿ ನಿದ್ದೆ ಮಾಡುತ್ತಾಳೆ. ನಿದ್ದೆ ಬಿಟ್ಟಿರುವುದು ನಾನು.

ಈ ಕಾಗದ ನಿಮ್ಮನ್ನು ತಲುಪುತ್ತಿರುವುದು ಹಿಂದಂಚೆಯಲ್ಲಿ. ಇಲ್ಲಿ ಒಬ್ಬೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಓಲೆಯನ್ನು ಹಿಂದಿನ ಕಾಲಕ್ಕೆ ಕಳಿಸುವ ಅವಕಾಶವಿದೆ. ವಿಳಾಸ ಬರೆಯುವಂತಿಲ್ಲ, ಉತ್ತರ ಬರುವಂತಿಲ್ಲ. ಹೆಚ್ಚಿನವರು ತೀರಿಹೋದ ಅಜ್ಜನಿಗೋ ಅಪ್ಪನಿಗೋ ತಲುಪಲಿ ಎಂದು ಹಾರೈಸಿ ಕಳಿಸುತ್ತಾರೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಸಿನಿಮಾ ನೋಡುವ ಯಾವಳೋ ಒಬ್ಬ ತಾಯಿಗೆ ನನ್ನದು ತಲುಪಲಿ ಎಂದು ನಾನು ಹಾರೈಸಿದ್ದೇನೆ. ಅದು ನೀವೇ ಆಗಿದ್ದರೆ, ದಯವಿಟ್ಟು ಕೊನೆಯವರೆಗೆ ಓದಿ.

ನಮ್ಮ ದಿನ ಹೇಗೆ ನಡೆಯುತ್ತದೆಂದು ಮೊದಲು ತಿಳಿಸಬೇಕು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಬಿಸಿಹೊತ್ತು. ಆ ಆರು ಗಂಟೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಕಿಟಕಿಗಳಿಗೆ ದಪ್ಪ ಪರದೆ ಇಳಿಯುತ್ತದೆ, ಮನೆಯವರೆಲ್ಲ ತಣ್ಣನೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ, ಎದುರಿನ ಗೋಡೆ ತಾನಾಗಿ ಬೆಳಗಿ ಸಿನಿಮಾ ಶುರುವಾಗುತ್ತದೆ. ಮಜ್ಜಿಗೆ, ಹುರಿಗಡಲೆ, ಮಕ್ಕಳ ಜಗಳ, ಅಜ್ಜಿಯರ ತೂಕಡಿಕೆ ಎಲ್ಲವೂ ಅದರ ಮುಂದೆಯೇ. ವಾರದಲ್ಲಿ ನಾಲ್ಕು ದಿನ ಆ ಗೋಡೆಯ ಮೇಲೆ ಹಾರಾಡುವುದು ಒಬ್ಬರೇ: ಮಿಂಚುಗಾರ. ಬೆರಳ ತುದಿಯಿಂದ ಮಿಂಚು ಹೊಡೆದು ಊರು ಕಾಯುವ ಸೂಪರ್‌ಹೀರೋ. ಅವರ ಮೂವತ್ತನಾಲ್ಕನೆಯ ಚಿತ್ರ ಈಗ ನಡೆಯುತ್ತಿದೆ.

ಮಿಂಚುಗಾರ ಹುಟ್ಟಿದ್ದು ಮಕ್ಕಳ ಚಿತ್ರಪುಸ್ತಕದಲ್ಲಿ. ನಾನು ಕಾಲೇಜಿನಲ್ಲಿ ಪ್ರಬಂಧ ಬರೆದದ್ದು ಅದರ ಮೇಲೆಯೇ. ಮೈಸೂರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೊದಲ ಮುದ್ರಣದ ಒಂದು ಪ್ರತಿ ಇತ್ತು, ಗೆದ್ದಲು ಅರ್ಧ ತಿಂದಿದ್ದದ್ದು. ಅದರಲ್ಲಿ ಮಿಂಚುಗಾರ ಪಾಲಿಟೆಕ್ನಿಕ್ ಓದುವ ಇಪ್ಪತ್ತರ ಹುಡುಗ, ಹೆಸರು ಶಿವು. ಅವನು ಪ್ರೀತಿಸುವ ರತ್ನಿ ಅದೇ ತರಗತಿಯವಳು, ಕೆಟ್ಟ ರೇಡಿಯೋ ರಿಪೇರಿ ಮಾಡುವವಳು. ಹನ್ನೊಂದನೆಯ ಪುಟದಲ್ಲಿ ಅವಳು ಅವನ ಕೈಗೆ ತನ್ನ ಚೀಲ ಕೊಟ್ಟು ಹೇಳುತ್ತಾಳೆ: “ನಾನು ನಿನಗಿಂತ ಎರಡು ತಿಂಗಳು ದೊಡ್ಡೋಳು. ಹಿಡ್ಕೊಂಡು ನಡಿ.” ಆ ಪುಟ ಓದಿ ನಾನು ಒಬ್ಬಳೇ ಕೂತು ನಕ್ಕಿದ್ದೆ. ಚಿತ್ರವಾದಾಗ ಆ ಪುಟವೇ ಹೋಯಿತು. ಮೊದಲ ಚಿತ್ರದ ನಟ ರುದ್ರತೇಜ ಅವರಿಗೆ ಇಪ್ಪತ್ತೊಂಬತ್ತು, ರತ್ನಿಯಾದವಳಿಗೆ ಇಪ್ಪತ್ತನಾಲ್ಕು. ಎರಡನೆಯದರಲ್ಲಿ ಅವರಿಗೆ ಮೂವತ್ತಮೂರು, ಹೊಸ ರತ್ನಿಗೆ ಇಪ್ಪತ್ತೆರಡು. ಮೂರನೆಯದರಲ್ಲಿ ಅವರಿಗೆ ಮೂವತ್ತೆಂಟು, ಇನ್ನೊಬ್ಬ ರತ್ನಿಗೆ ಇಪ್ಪತ್ತು. ರತ್ನಿಗೆ ಮಾತ್ರ ವರ್ಷ ಹಿಂದಕ್ಕೆ ಓಡುತ್ತಿತ್ತು.

ಮೂರನೆಯ ಚಿತ್ರದಲ್ಲಿ ಹಾರಾಟಕ್ಕೆಂದು ಹಗ್ಗಕ್ಕೆ ನೇತುಹಾಕಿದಾಗ ರುದ್ರತೇಜ ಅವರಿಗೆ ಏದುಸಿರು ಬಂತಂತೆ. ಆಗ ಎರಕಶಾಲೆಯವರು ಅವರ ವಯಸ್ಸನ್ನು ನಿಲ್ಲಿಸಿದರು. ಪಾತ್ರಕ್ಕೆ ಮುಖ ಹುಡುಕಿ ಹೊಂದಿಸುವ ಸಂಸ್ಥೆಗೆ ಎರಕಶಾಲೆ ಎನ್ನುತ್ತೇವೆ. ಅವರು ಆ ದಿನದ ಮುಖ, ಮೈ, ದನಿಯನ್ನು ಅಚ್ಚು ತೆಗೆದುಕೊಂಡರು. ಇನ್ನು ಮುಂದೆ ಅವರು ಕುರ್ಚಿಯಲ್ಲಿ ಕೂತು ನಟಿಸಿದರೂ ತೆರೆಯ ಮೇಲೆ ಹಾರುವುದು ಆ ಅಚ್ಚು; ಅಲ್ಲಿ ಅವರಿಗೆ ಎಂದೆಂದಿಗೂ ಮೂವತ್ತೆಂಟು. ಇದಕ್ಕೆ ನಿಲುವಯಸ್ಸು ಎಂದು ಹೆಸರು. ಜನ ಎಷ್ಟು ಸಂತೋಷಪಟ್ಟರೆಂದರೆ ವರ್ಷಗಳನ್ನೇ ಆ ದಿನದಿಂದ ಎಣಿಸಲು ಹಿಡಿದರು. ಅದೇ ನಿಲುಶಕೆ. ಈಗ ನಲವತ್ತಾರನೆಯ ವರ್ಷ. ಅವರಿಗೆ ನಿಜವಾಗಿ ಎಂಬತ್ತನಾಲ್ಕು.

ಹಾಗಾದರೆ ನಾಯಕಿಯ ವಯಸ್ಸನ್ನೂ ನಿಲ್ಲಿಸಬಹುದಿತ್ತಲ್ಲ ಎಂದು ಕೇಳಬೇಡಿ. ಪ್ರಬಂಧದಲ್ಲಿ ನಾನೂ ಅದನ್ನೇ ಕೇಳಿದ್ದೆ. ಹೆಣ್ಣಿನ ನಿಂತ ಮುಖ ನೋಡಲು ಜನಕ್ಕೆ ಬೇಸರ, ಅವರಿಗೆ ಹಸಿಮುಖವೇ ಬೇಕು ಎನ್ನುವುದು ಎರಕಶಾಲೆಯ ಉತ್ತರ. ಹಸಿಮುಖವೆಂದರೆ ಆ ವರ್ಷವೇ ಹತ್ತೊಂಬತ್ತು ತುಂಬಿದ ಹುಡುಗಿ. ಮೂವತ್ತೆಂಟರಲ್ಲಿ ಹತ್ತೊಂಬತ್ತು ಕಳೆದರೆ ಉಳಿಯುವುದು ಹತ್ತೊಂಬತ್ತು; ಕಾಗದದ ಮೇಲೆ ಅಂತರ ಯಾವತ್ತೂ ಬೆಳೆಯಲೇ ಇಲ್ಲ. ಬೆಳೆದದ್ದೆಲ್ಲ ಕಾಗದದ ಆಚೆ. ನನ್ನ ಪರೀಕ್ಷಕರು ಪ್ರಬಂಧ ಮಡಚಿಟ್ಟು, ಇದರಲ್ಲಿ ಹೊಸದೇನಿದೆ ತಾಯಿ, ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಎಂದರು. ಪಾಸು ಮಾಡಿದರು.

ಇನ್ನು ನಮ್ಮ ಮನೆಯ ವಿಷಯ. ನನ್ನ ಗಂಡ ನಿಂಗರಾಜು. ಅವರಿಗೊಬ್ಬ ಅಕ್ಕ, ಚೆಲುವಾಂಬೆ, ನಲವತ್ತೊಂದು ವರ್ಷ. ಗಂಡನ ಅಕ್ಕನನ್ನು ನಾವು ಕರೆಯುವುದು ನಿಮ್ಮಂತೆಯೇ, ಅತ್ತಿಗೆ ಎಂದು. ಮದುವೆಯಾದಾಗಿನಿಂದ ದಿನಕ್ಕೆ ನಲವತ್ತು ಸಲ ಆ ಪದ ನನ್ನ ಬಾಯಲ್ಲಿ ಬಂದಿದೆ. ಅತ್ತಿಗೆ ಸಾರಿಗೆ ಉಪ್ಪು ನೋಡಿ, ಅತ್ತಿಗೆ ಈ ಸೀರೆ ಹೇಗಿದೆ, ಅತ್ತಿಗೆ ಮಗು ಒದೆಯುತ್ತಿದೆ ಕೈಯಿಡಿ. ಎರಡು ಅಂತಸ್ತು ಕೆಳಗೆ ಒಬ್ಬರೇ ಇದ್ದಾರೆ, ಆದರೆ ಊಟ ನಮ್ಮಲ್ಲೇ. ಬಾಯಿ ಜೋರು, ಕೈ ಧಾರಾಳ. ನನ್ನ ಬಾಣಂತನ ಮಾಡಿದವರು ಅವರೇ.

ಆದರೆ ಅದೇ ಪದಕ್ಕೆ ಇನ್ನೊಂದು ಕೆಲಸವೂ ಇದೆ. ಮಿಂಚುಗಾರನನ್ನು ಜನ ‘ಅಣ್ಣ’ ಎನ್ನುತ್ತಾರೆ, ಆದ್ದರಿಂದ ತೆರೆಯ ಮೇಲೆ ಅವರ ಜೋಡಿಯಾದವಳು ಜನಕ್ಕೆ ‘ಅತ್ತಿಗೆ’. ಇದು ನಿಮ್ಮ ಕಾಲದಲ್ಲೇ ತಮಾಷೆಯಾಗಿ ಶುರುವಾದದ್ದೆಂದು ನಾನು ಓದಿದ್ದೇನೆ. ನಮ್ಮಲ್ಲಿ ಅದು ಪದವಿ. ಒಂದು ಕಾಲಕ್ಕೆ ಒಬ್ಬಳೇ ಅತ್ತಿಗೆ. ಮೊದಲು ಹದಿನೆಂಟು ತುಂಬಿದವರನ್ನು ಹುಡುಕುತ್ತಿದ್ದರು, ಆಮೇಲೆ ಹನ್ನೆರಡರ ಹುಡುಗಿಯರನ್ನು ಮುಂದಕ್ಕೆಂದು ಗುರುತಿಟ್ಟುಕೊಂಡರು, ಆಮೇಲೆ ಶಾಲೆಗೆ ಸೇರದವರನ್ನು. ಹೀಗೆ ಇಳಿಯುತ್ತ ಇಳಿಯುತ್ತ ತೊಟ್ಟಿಲಿಗೆ ಬಂದರು. ಅಭಿಮಾನಿ ತಾಯಂದಿರು ನಾಮಕರಣದ ಹೊತ್ತಿನಲ್ಲಿ ಕೂಸಿನ ಮೇಲೆ ಬಾಗಿ ಮೂರು ಸಲ ‘ಅತ್ತಿಗೆ’ ಎನ್ನುವ ಹರಕೆ ಹುಟ್ಟಿತು. ನನ್ನ ಮಗಳು ಬೆಳೆದು ಅಣ್ಣನ ಜೋಡಿಯಾಗಲಿ ಎಂದು ಅರ್ಥ. ಎರಕಶಾಲೆ ಅದನ್ನೇ ಒಪ್ಪಿಗೆಯೆಂದು ಬರೆಸಿಕೊಂಡಿತು. ಈಗಿನ ತೊಟ್ಟಿಲುಗಳೆಲ್ಲ ಕೇಳುತೊಟ್ಟಿಲುಗಳು. ಕೂಸಿಗೆ ಒಂದು ವರ್ಷ ತುಂಬುವವರೆಗೆ ಅದರಲ್ಲೇ ಮಲಗಿಸಬೇಕೆಂಬುದು ಕಾನೂನು. ಅಳು, ಉಸಿರು, ಜ್ವರ ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ನಾಮಕರಣದ ಹೆಸರನ್ನು ನೋಂದಣಿ ಕಚೇರಿಗೆ ತಲುಪಿಸುವುದೂ ಅವೇ.

ಈ ಕಾರಣಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಬಸುರಿ ಸೊಸೆಗೆ ಏಳು ತಿಂಗಳಾದ ಕೂಡಲೇ ಗಂಡನ ಅಕ್ಕನನ್ನು ‘ಅಕ್ಕ’ ಎಂದು ಕರೆಯುವ ರೂಢಿಯಿದೆ. ನಮ್ಮತ್ತೆ ನನಗೆ ಎರಡು ಸಲ ಹೇಳಿದರು. ನಾನು ಓದಿದವಳು. ಅತ್ತೆ, ಇದೆಲ್ಲ ಮೂಢನಂಬಿಕೆ ಎಂದು ನಕ್ಕೆ.

ಹೊನಲಿಗೆ ಮೂರು ತಿಂಗಳಾದಾಗ ನಾಮಕರಣ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೊತ್ತು ಮೀರುತ್ತಿತ್ತು, ಚೆಲುವಾಂಬೆಯವರು ಬಾಗಿಲ ಬಳಿ ಯಾರೊಂದಿಗೋ ನಗುತ್ತ ನಿಂತಿದ್ದರು. ನಾನು ತೊಟ್ಟಿಲ ಮೇಲೆ ಬಾಗಿ ಮಗುವಿನ ಕೈಬಳೆ ಸರಿಪಡಿಸುತ್ತ ಕರೆದೆ: “ಅತ್ತಿಗೆ.” ಕೇಳಿಸಲಿಲ್ಲ. “ಅತ್ತಿಗೆ.” ಗದ್ದಲ. “ಅತ್ತಿಗೆ.”

ಅವರು ತಿರುಗಿ ನೋಡಿ ಕೈಯಾಡಿಸಿ ಬಂದರು. ಹೆಸರು ಹೇಳಿದರು. ಎಲ್ಲರೂ ಉಂಡರು. ಹೋಳಿಗೆ ಚೆನ್ನಾಗಿತ್ತು.

ಹತ್ತು ದಿನದ ಮೇಲೆ ಓಲೆ ಬಂತು. ತಾಯಿಯ ದನಿಯಲ್ಲಿ, ನಾಮಕರಣದ ಹೊತ್ತಿನಲ್ಲಿ, ತೊಟ್ಟಿಲಿನಿಂದ ಒಂದು ಗೇಣಿನೊಳಗೆ ಮೂರು ಸಲ ಒಪ್ಪಿಗೆ ದೊರೆತಿದೆ. ಮಗುವಿನ ಮುಖವನ್ನು ನಾಯಕರ ಮುಖದೊಂದಿಗೆ ಹೊಂದಿಸಿ ನೋಡಲಾಗಿ ಸಾಲಾವಳಿ ಕೂಡಿದೆ. ನಿಮ್ಮಲ್ಲಿ ಗಂಡುಹೆಣ್ಣಿನ ಜಾತಕ ನೋಡಿ ಸಾಲಾವಳಿ ಬಂತೇ ಎನ್ನುತ್ತಾರಲ್ಲ, ಅದೇ ಪದ. ಹತ್ತೊಂಬತ್ತು ತುಂಬಿದ ವರ್ಷ ಕುಮಾರಿ ಹೊನಲು ಮಿಂಚುಗಾರನ ಜೋಡಿಯಾಗಿ ಮೀಸಲು. ಕೆಳಗೆ ಸಣ್ಣ ಅಕ್ಷರದಲ್ಲಿ, ನಾಯಕನಟರ ದೇಹಸ್ಥಿತಿ ಆಗ ಏನೇ ಇದ್ದರೂ ಈ ಮೀಸಲು ಊರ್ಜಿತ.

ನಾನು ಅದನ್ನು ನಿಂತುಕೊಂಡೇ ಓದಿದೆ. ಬೆರಳಲ್ಲಿ ಎಣಿಸಿದೆ. ಹೊನಲಿಗೆ ಹತ್ತೊಂಬತ್ತಾದಾಗ ರುದ್ರತೇಜ ಅವರಿಗೆ ನೂರಮೂರು. ನಿಂಗರಾಜು ಸಮಾಧಾನ ಹೇಳಲು ಬಂದರು, ಅಷ್ಟು ಹೊತ್ತಿಗೆ ಯಾರಿರುತ್ತಾರೋ ಯಾರಿಲ್ಲವೋ, ಈಗಲೇ ಯಾಕೆ ಎದೆ ಒಡೆದುಕೊಳ್ಳುತ್ತೀಯ ಎಂದರು. ಸಣ್ಣ ಅಕ್ಷರ ತೋರಿಸಿದೆ. ಅಚ್ಚಿಗೆ ಉಸಿರು ಬೇಕಿಲ್ಲ. ಅವರು ಇಲ್ಲದೆ ಹೋದರೆ ನನ್ನ ಮಗಳು ಇಲ್ಲದವರ ಎದುರು ನಿಂತು ನಾಚಬೇಕು, ಅಷ್ಟೇ ವ್ಯತ್ಯಾಸ. ನಿಂಗರಾಜು ಓಲೆ ಮಡಚಿ ಅಡುಗೆಮನೆಗೆ ಹೋಗಿ ನೀರು ಕುಡಿದರು. ಅತ್ತೆ ಮಾತ್ರ ನನ್ನನ್ನು ಬಿಡಲಿಲ್ಲ. “ಅಷ್ಟು ದೊಡ್ಡ ಕಾಲೇಜು ಮೆಟ್ಟಿ ಬಂದೆ ಕಣವ್ವ, ಒಂದು ‘ಅಕ್ಕ’ ಅನ್ನಕ್ಕೆ ನಾಲಿಗೆ ತಿರುಗನಿಲ್ವಾ?” ಎಂದರು.

ಮಾರನೆಯ ದಿನದಿಂದ ಶುರುವಾಯಿತು. ಲಿಫ್ಟಿನಲ್ಲಿ ಅರವತ್ತು ದಾಟಿದ ಒಬ್ಬ ಗಂಡಸರು ನನ್ನ ಹೆಗಲ ಮೇಲಿದ್ದ ಕೂಸಿಗೆ ಕೈಮುಗಿದು, ನಮಸ್ಕಾರ ಅತ್ತಿಗೆ, ಎಂದರು. ತಮಾಷೆಯಲ್ಲ. ಕಣ್ಣಲ್ಲಿ ಭಕ್ತಿಯಿತ್ತು. ಯಾರೋ ನಮ್ಮ ಬಾಗಿಲಿಗೆ ಹೂ ಕಟ್ಟಿ ಹೋದರು. ಹಾಲು ತರುವವರು ಮಗುವಿನ ಮುಖ ಬಿಸಿಲಿಗೆ ಒಡ್ಡಬೇಡಿ ಎಂದು ನನಗೆ ಬುದ್ಧಿ ಹೇಳಿದರು. ಅದು ಊರಿನ ಮುಖವಂತೆ. ಹೊನಲು ಎಲ್ಲರಿಗೂ ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು. ಅವಳು ನಕ್ಕಾಗಲೆಲ್ಲ ನಾನು ಅವಳ ಮುಖದ ಮೇಲೆ ಸೆರಗು ಎಳೆಯುತ್ತಿದ್ದೆ.

ತಕರಾರಿಗೆ ತೊಂಬತ್ತು ದಿನ. ನೋಂದಣಿ ಕಚೇರಿಗೆ ಹೋದೆ. ಅಧಿಕಾರಿ ಹೆಂಗಸು, ನನ್ನ ವಯಸ್ಸಿನವರೇ, ಒರಟಲ್ಲ. ನನ್ನ ದನಿಯನ್ನು ನನಗೇ ಕೇಳಿಸಿದರು. ಮೂರು ಸಲ. ಎಷ್ಟು ಪ್ರೀತಿಯಿಂದ ಕರೆದಿದ್ದೇನೆ ಗೊತ್ತೇ? ನಾನೇ ಕೇಳಿದರೂ ಹರಕೆ ಎಂದೇ ಅಂದುಕೊಳ್ಳುತ್ತಿದ್ದೆ. ಇದು ಕೂಸಿಗೆ ಹೇಳಿದ್ದಲ್ಲ, ಗಂಡನ ಅಕ್ಕನನ್ನು ಕರೆದದ್ದು ಎಂದೆ. ಹಾಗಾದರೆ ಅವರೇ ಬಂದು ಆ ಕರೆ ನನಗೆ ಬಂದದ್ದು ಎಂದು ಒಪ್ಪಿಕೊಳ್ಳಲಿ ಎಂದರು. ಇಷ್ಟೇನಾ ಎಂದುಕೊಂಡೆ. ಆಮೇಲೆ ಅವರು ಚೆಲುವಾಂಬೆ ಎಂಬ ಹೆಸರು ಓದಿ ತಲೆಯೆತ್ತಿದರು.

ನಾನು ಇನ್ನೂ ಹೇಳದ ಸಂಗತಿಯೊಂದಿದೆ. ಚೆಲುವಾಂಬೆಯವರು ಇಪ್ಪತ್ತೆರಡು ವರ್ಷದ ಹಿಂದೆ, ಹತ್ತೊಂಬತ್ತರಲ್ಲಿ, ಮಿಂಚುಗಾರನ ಜೋಡಿಯಾಗಿ ಒಂದು ಚಿತ್ರ ಮಾಡಿದವರು. ರುದ್ರತೇಜ ಅವರಿಗೆ ಆಗ ಅರವತ್ತೆರಡು. ಒಂದು ವರ್ಷ ಇಡೀ ನಾಡಿಗೆ ಅತ್ತಿಗೆಯಾಗಿದ್ದರು. ಮೂವತ್ತಮೂರಾದಾಗ ಮತ್ತೆ ಕರೆ ಬಂತು, ಅದೇ ಮಿಂಚುಗಾರನ ತಾಯಿಯ ಪಾತ್ರಕ್ಕೆ. ಎಪ್ಪತ್ತಾರರ ಮಗನಿಗೆ ಮೂವತ್ತಮೂರರ ತಾಯಿ. ತಲೆಗೆ ಬಿಳಿ ಬಳಿಸಿಕೊಳ್ಳಲು ಒಪ್ಪದೆ ವಾಪಸು ಬಂದರು. ಪದವಿ ಬಿಟ್ಟವರು ದಾಖಲೆಯಾಗುವ ಯಾವ ಜಾಗದಲ್ಲೂ ‘ಅತ್ತಿಗೆ’ ಎಂಬ ಕರೆಗೆ ಓಗೊಡುವಂತಿಲ್ಲ ಎಂಬುದು ಒಪ್ಪಂದ. ಮನೆಯೊಳಗಿನ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಕಚೇರಿಯಲ್ಲಿ ಒಪ್ಪಿಕೊಂಡರೆ ಅವರ ಮುಖವನ್ನು ಆ ಚಿತ್ರದಿಂದ ತೆಗೆದು ಬೇರೆ ಹಸಿಮುಖ ಹಾಕುತ್ತಾರೆ. ಮೊದಲಿಂದ ಕೊನೆಯವರೆಗೆ, ಒಂದು ಚೌಕಟ್ಟೂ ಬಿಡದೆ. ಹಳೆಯ ಪೋಸ್ಟರಿನಲ್ಲೂ, ಜನರ ಮನೆಗಳಲ್ಲಿರುವ ಪ್ರತಿಗಳಲ್ಲೂ.

ನಾನು ಕೇಳಿದಾಗ ಅವರು ಹುಣಸೆಹಣ್ಣು ಬಿಡಿಸುತ್ತಿದ್ದರು. ಬಹಳ ಹೊತ್ತು ಬೀಜ ತೆಗೆದರು. “ಅಲ್ಲ ಕಣ್ ತಾರಿಣಿ, ಗಂಡ ಇಲ್ಲ, ಮಕ್ಳಿಲ್ಲ. ನನ್ನತ್ರ ಇರದು ಅದೊಂದ್ ಮೊಕ. ಅದ್ನೂ ಕೇಳ್ತೀಯಲ್ಲ” ಎಂದರು. ಕೋಪವಿರಲಿಲ್ಲ. ನಾನು ತಟ್ಟೆ ನೋಡುತ್ತ ಕೂತೆ. ಆಮೇಲೆ ಅವರೇ, ಕೂಸಿಗೇನು ಕಡಿಮೆ, ರಾಣಿ ಹಂಗೆ ನೋಡಿಕೊಳ್ಳುತ್ತಾರೆ, ನನ್ನನ್ನು ನೋಡಿಕೊಳ್ಳಲಿಲ್ಲವೇ, ಅಣ್ಣ ಕೂಡ ಕೆಟ್ಟವರಲ್ಲ, ಮಧ್ಯಾಹ್ನವಾದರೆ ‘ಮಗು, ಊಟ ಆಯ್ತಾ’ ಎಂದು ಕೇಳುತ್ತಿದ್ದರು ಎಂದರು. ಪ್ರೇಮಗೀತೆಯ ಚಿತ್ರೀಕರಣದ ನಡುವೆ ಅವರು ಇವರನ್ನು ಮಗು ಎನ್ನುತ್ತಿದ್ದರು. ಆ ಮಾತು ಆಡಿ ಚೆಲುವಾಂಬೆಯವರು ಬಿಡಿಸಿದ ಹುಣಸೆಹಣ್ಣನ್ನೇ ಮತ್ತೆ ಬಿಡಿಸತೊಡಗಿದರು.

ಆಮೇಲಿನ ಎರಡು ತಿಂಗಳು ನಾನು ಅವರನ್ನು ಮತ್ತೆ ಕೇಳಲಿಲ್ಲ. ಹೇಗೆ ಕೇಳುವುದು? ನನ್ನ ನಾಲಿಗೆಯ ತಪ್ಪಿಗೆ ಅವರು ತಮ್ಮ ಹತ್ತೊಂಬತ್ತನೆಯ ವರ್ಷವನ್ನು ಕೊಡಬೇಕು. ಇನ್ನೂ ಒಂದು ಅನಾಹುತ ನಡೆಯುತ್ತಿತ್ತು. ನಾನು ಮಗುವಿನ ಬಳಿ ಮಾತಾಡುವುದನ್ನೇ ಬಿಟ್ಟುಬಿಟ್ಟಿದ್ದೆ. ಇನ್ನಾವ ಪದ ಇನ್ನಾವ ಒಪ್ಪಿಗೆಯಾಗುತ್ತದೋ ಯಾರಿಗೆ ಗೊತ್ತು? ಬಾ ಎಂದರೆ ಏನೋ, ಕೊಡು ಎಂದರೆ ಏನೋ. ಹಾಲು ಕುಡಿಸುವಾಗಲೂ ತುಟಿ ಬಿಗಿಹಿಡಿದಿರುತ್ತಿದ್ದೆ. ಜೋಗುಳ ನಿಲ್ಲಿಸಿದೆ. ನಿಂಗರಾಜು ಸನ್ನೆಯಲ್ಲಿ ಮಾತಾಡುವುದನ್ನು ಕಲಿತರು.

ಎಂಬತ್ತೇಳನೆಯ ದಿನದ ಬಿಸಿಹೊತ್ತಿನಲ್ಲಿ ಗೋಡೆಯ ಮೇಲೆ ಚೆಲುವಾಂಬೆಯವರ ಚಿತ್ರವೇ ಬಂತು. ವರ್ಷಕ್ಕೊಮ್ಮೆ ಹಾಕುತ್ತಾರೆ. ಅತ್ತೆ, ನಾನು, ಅವರು ಮೂವರೂ ಗೋಡೆಗೊರಗಿ ಕೂತಿದ್ದೆವು, ಕೂಸು ಅವರ ತೊಡೆಯ ಮೇಲೆ. ಹಾಡು ಬಂತು. ಮೋಡದ ಮೇಲೆ ಮಿಂಚುಗಾರ ಅವರ ಸೊಂಟ ಹಿಡಿದು ತೇಲುತ್ತಾನೆ, ಅವರು ಅವನ ಹೆಗಲ ಮೇಲಿಂದ ಕಣ್ಣು ಅರಳಿಸಿ ನೋಡುತ್ತಾರೆ. ಆ ನೋಟ ನಮ್ಮ ನಾಡಿನಲ್ಲಿ ಬಹಳ ಹೆಸರುವಾಸಿ. ಮದುವೆಯ ಫೋಟೋದವರು ಹುಡುಗಿಯರಿಗೆ ಆ ಥರ ನೋಡಮ್ಮ ಎಂದು ಹೇಳಿಕೊಡುತ್ತಾರೆ.

ಚೆಲುವಾಂಬೆಯವರು ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

“ಅಲ್ಲೇನ್ ನೋಡ್ತಿದೀನಿ ಹೇಳು?” ಎಂದು ನನ್ನನ್ನು ಕೇಳಿದರು. “ಅಣ್ಣ ಕುರ್ಚೀಲಿ ಕೂತಿದ್ರು, ಕೆಮ್ತಿದ್ರು. ನನ್ನ ತಂತೀಲಿ ನೇತಾಕಿ ಆರ್ ಗಂಟೆ ಆಗಿತ್ತು. ಅವ್ವ ಲೈಟ್ ಪಕ್ಕ ನಿಂತಿದ್ಲು. ಮನೀಗೋಗಾನ ಬಾರವ್ವ ಅಂತ ಕಣ್ಣಲ್ಲೇ ಕೇಳ್ತಿದ್ದೆ. ಅವ್ವ ತಲೆ ಅಲ್ಲಾಡ್ಸುದ್ಲು. ಊರೆಲ್ಲ ಅದ್ನ ಪ್ರೀತಿ ಅಂತು.”

ಅತ್ತೆ ಗೋಡೆಯ ಕಡೆಯೇ ನೋಡುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ತೊಂಬತ್ತನೆಯ ದಿನ ಕಚೇರಿಗೆ ಮೂವರೂ ಹೋದೆವು. ಅಧಿಕಾರಿ ದಾಖಲೆ ಶುರುಮಾಡಿ ಒಪ್ಪಂದದ ನಿಯಮ ಓದಿದರು, ಪರಿಣಾಮ ಗೊತ್ತೇ ಎಂದು ಎರಡು ಸಲ ಕೇಳಿದರು. ಚೆಲುವಾಂಬೆಯವರು ಅಂದು ಹಸಿರು ಸೀರೆ ಉಟ್ಟು ತಲೆತುಂಬ ಮಲ್ಲಿಗೆ ಮುಡಿದಿದ್ದರು. “ಕರ್ದಿದ್ದು ನನ್ನ. ನನ್ ತಮ್ಮನ್ ಹೆಂಡ್ತಿ ನನ್ನ ಇನ್ನೇನಂತ ಕರೀಬೇಕು?” ಎಂದರು. ಅಧಿಕಾರಿ ಹಾಗೆಯೇ ಬರೆದುಕೊಂಡರು. ಹೊರಬರುವಾಗ ಅತ್ತೆ ಮಗಳ ಕೈ ಹಿಡಿದಿದ್ದರು. ನಲವತ್ತೊಂದು ವರ್ಷದವರನ್ನು ರಸ್ತೆ ದಾಟಿಸುವಂತೆ.

ಮೂರು ದಿನ ಎಂದಿದ್ದರು, ಎರಡೇ ದಿನಕ್ಕೆ ಕೆಲಸ ಮುಗಿಸಿದರು. ಅವರ ಮನೆಯ ಗೋಡೆಯಲ್ಲಿದ್ದ ಪೋಸ್ಟರಿನಲ್ಲಿ ಬೇರೆ ಹುಡುಗಿ. ಬೇಡ ಬೇಡವೆಂದರೂ ಅತ್ತೆ ಆ ಹಾಡನ್ನು ಹಾಕಿಸಿದರು. ಮೋಡ ಅದೇ, ತಂತಿ ಅದೇ, ತೋಳು ಕೂಡ ಚೆಲುವಾಂಬೆಯವರದೇ ಇರಬೇಕು. ಮುಖ ಮಾತ್ರ ಹೊಸದು, ಬಹಳ ಲಕ್ಷಣವಾಗಿದೆ. ಅವಳು ಮಿಂಚುಗಾರನ ಕಣ್ಣನ್ನೇ ನೆಟ್ಟು ನೋಡುತ್ತಾಳೆ. ಅತ್ತೆ ಹತ್ತಿರ ಹೋಗಿ ಗೋಡೆಗೆ ಕೈಯಿಟ್ಟು ನೋಡಿದರು. “ಇವ್ಳು ನನ್ ಕಡೆ ನೋಡ್ತಿಲ್ಲ ಕಣವ್ವ” ಎಂದರು. ಮಗಳಿಗೋ ನನಗೋ, ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆ ದಿನದಿಂದ ನಮ್ಮ ಮನೆಯಲ್ಲಿ ಬಿಸಿಹೊತ್ತಿಗೆ ಗೋಡೆಗೆ ಕಂಬಳಿ ಹೊದಿಸುತ್ತೇವೆ. ಕಂಬಳಿಯ ಹಿಂದಿನಿಂದ ದನಿ ಕೇಳುತ್ತದೆ. ಚಿತ್ರವನ್ನು ಕ್ಷಣಹೊತ್ತು ತಡೆಯಬಹುದು, ಪೂರ್ತಿ ಆರಿಸಲು ಬರುವುದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಿಮಗೆ ಓದುವ ಕಷ್ಟ ಕೊಡುತ್ತಿರಲಿಲ್ಲ. ಮೊನ್ನೆ ಬಿಡುಗಡೆ ಪತ್ರ ಬಂತು. ತಾಯಿಯ ಒಪ್ಪಿಗೆ ರದ್ದಾಗಿದೆ. ಕೂಡಿದ ಸಾಲಾವಳಿಯನ್ನು ಅಳಿಸಲು ನಿಯಮದಲ್ಲಿ ಅವಕಾಶವಿಲ್ಲ. ಸದ್ಯಕ್ಕೆ ಮೀಸಲು ತೆಗೆಯಲಾಗಿದೆ. ಸದ್ಯಕ್ಕೆ. ಆ ಒಂದು ಪದವನ್ನು ನಾನು ನೂರು ಸಲ ಓದಿದ್ದೇನೆ. ಅವರ ಬಳಿ ಅವಳ ಮುಖವಿದೆ. ಶಾಲೆಗೆ ಸೇರಿಸುವಾಗ ಯಾವುದೋ ಕಾಗದದಲ್ಲಿ ಕೇಳುತ್ತಾರೆ, ಇಲ್ಲವೇ ಆಟದ ಸಾಮಾನಿನೊಳಗಿಂದ ಕೇಳುತ್ತಾರೆ, ಇಲ್ಲವೇ ಹದಿನೆಂಟರಲ್ಲಿ ಅವಳನ್ನೇ ಕೇಳುತ್ತಾರೆ, ಆಗ ಊರೆಲ್ಲ ಹೂ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ. ಅವಳು ಹೂಂ ಅಂದುಬಿಟ್ಟರೆ? ಲಿಫ್ಟಿನ ಮುದುಕರು ಈಗಲೂ ಕೈಮುಗಿಯುತ್ತಾರೆ, ದನಿ ತಗ್ಗಿಸಿ.

ನಿಮ್ಮ ಕಾಲದವರ ಮೇಲೆ ನನಗೆ ಸಿಟ್ಟಿಲ್ಲ, ಭಯವಿದೆ. ನೀವು ಗಮನಿಸದೆ ಇರಲಿಲ್ಲವೆಂದು ಹಳೆಯ ಪತ್ರಿಕೆಗಳನ್ನು ಓದಿ ಬಲ್ಲೆ. ಪುಸ್ತಕದಲ್ಲಿ ಒಂದೇ ವಯಸ್ಸಿನವರಾಗಿದ್ದ ಜೋಡಿ ತೆರೆಗೆ ಬಂದಾಗ ಅವನು ಐವತ್ತಾಗಿ ಅವಳು ಇಪ್ಪತ್ತೈದಾದರೆ ನೀವು ನೋಡಿದಿರಿ, ಪಕ್ಕದವರ ತೋಳು ತಿವಿದಿರಿ, ಮಗಳ ಥರ ಇದ್ದಾಳಲ್ಲ ಎಂದು ಪಿಸುಗುಟ್ಟಿದಿರಿ, ನಕ್ಕಿರಿ. ಹೀರೋಗೆ ವಯಸ್ಸಾಗುವುದಿಲ್ಲ ಬಿಡಿ ಎಂದು ಯಾರೋ ಅಂದರು, ಚೆನ್ನಾಗಿದೆ ಎಂದುಕೊಂಡಿರಿ. ಯಾರೋ ಅದನ್ನು ಬರೆದುಕೊಂಡರು. ಅಷ್ಟೇ ಆದದ್ದು. ಕೆಟ್ಟವರು ಬಂದು ನಮ್ಮನ್ನು ಇಲ್ಲಿಗೆ ತಳ್ಳಲಿಲ್ಲ.

ಒಂದು ಕೋರಿಕೆಯಿದೆ, ಸಣ್ಣದು. ಮುಂದಿನ ಸಲ ಮಗುವನ್ನು ಕರೆದುಕೊಂಡು ಅಂಥ ಚಿತ್ರಕ್ಕೆ ಹೋದಾಗ, ಅವನು ಅವಳ ಕೈ ಹಿಡಿದ ಹೊತ್ತಿಗೆ, ಅವನ ವಯಸ್ಸೆಷ್ಟು ಅವಳ ವಯಸ್ಸೆಷ್ಟು ಎಂದು ಕೇಳಿ. ಪಿಸುಮಾತಿನಲ್ಲಿ ಬೇಡ, ಮುಂದಿನ ಸಾಲಿಗೆ ಕೇಳುವಷ್ಟು ಜೋರಾಗಿ. ಯಾರಾದರೂ ಶ್ ಎನ್ನುತ್ತಾರೆ, ಎನ್ನಲಿ. ನಿಮ್ಮ ಮಗು ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ, ಅದಕ್ಕೆ ಉತ್ತರ ಹೇಳಿ. ಒಬ್ಬರು ಕೇಳಿದರೆ ಸಾಕೋ ಸಾವಿರ ಜನ ಕೇಳಬೇಕೋ ನನಗೆ ಗೊತ್ತಿಲ್ಲ. ನೀವು ಇದನ್ನು ಓದಿ ಕೇಳಿದ್ದೇ ಆದರೆ ಇಲ್ಲಿ ಏನಾದರೂ ಬದಲಾದೀತೇ, ಬದಲಾದರೆ ನನಗೆ ತಿಳಿಯುತ್ತದೆಯೇ, ಅದೂ ಗೊತ್ತಿಲ್ಲ. ಬದಲಾಯಿತೇ ಎಂದು ಮಾತ್ರ ಇನ್ನು ದಿನಾ ತೊಟ್ಟಿಲ ಕಡೆ ನೋಡುತ್ತಿರುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಹೊನಲು ಎದ್ದಿದ್ದಾಳೆ. ಅಳುತ್ತಿಲ್ಲ. ನಿನ್ನೆ ತಪಾಸಣೆಗೆ ಹೋಗಿದ್ದಾಗ ನರ್ಸಮ್ಮ ಅವಳ ಮುಂದೆ ಬೆರಳು ಚಿಟಿಕೆ ಹೊಡೆದು, ಕಿವಿ ಸರಿಯಾಗಿದೆ, ಏಳು ತಿಂಗಳಿಗೆ ತತ್ತ ಬಬ್ಬ ಅನ್ನಬೇಕಿತ್ತಲ್ಲ, ಮನೆಯಲ್ಲಿ ಯಾರೂ ಮಾತಾಡುವುದಿಲ್ಲವೇ ಎಂದು ಕೇಳಿದರು. ನಾನು ಬಾಯಿ ತೆರೆದೆ. ಮಗು ನನ್ನ ತುಟಿಯನ್ನೇ ನೋಡುತ್ತಿತ್ತು. ನರ್ಸಮ್ಮ ಕಾದರು. ನನ್ನಿಂದ ಒಂದು ಮಾತೂ ಹೊರಡಲಿಲ್ಲ.

ಇತಿ,
ಹೊನಲಿನ ತಾಯಿ ತಾರಿಣಿ